ಕತ್ತಿನ ಗಡ್ಡೆ ಊದುವುದೂ ಕೆಲಸ, ಇಳಿಯುವುದೂ ಕೆಲಸ

2025ರ ಅಕ್ಟೋಬರ್ 6ರಂದು ವೈದ್ಯಕೀಯ ನೊಬೆಲ್ ಪ್ರಕಟವಾದಾಗ ಸುದ್ದಿ ಓದಿದ ಅನೇಕರಿಗೆ ಗೊಂದಲವಾಯಿತು. ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಮತ್ತು ಜಪಾನಿನ ಶಿಮೊನ್ ಸಕಾಗುಚಿ ಅವರಿಗೆ ಬಹುಮಾನ ಬಂದಿತ್ತು. ರೋಗನಿರೋಧಕ ಶಕ್ತಿಗೆ ಬ್ರೇಕ್ ಹಾಕುವ ಕಣಗಳನ್ನು ಗುರುತಿಸಿದ್ದಕ್ಕೆ. ಕೊರೊನಾ ಬಂದಾಗಿನಿಂದ ನಾವು ಕೇಳಿಕೊಂಡು ಬಂದಿದ್ದು ಒಂದೇ ಮಾತು: ಇಮ್ಯುನಿಟಿ ಹೆಚ್ಚಿಸಿಕೊಳ್ಳಿ. ಕಷಾಯ ಕುಡಿದಿದ್ದು, ಮಾತ್ರೆ ನುಂಗಿದ್ದು ಎಲ್ಲ ಅದಕ್ಕೇ ಅಲ್ವಾ? ಹಾಗಿರುವಾಗ ಅದನ್ನು ತಡೆಯುವ ಕಣಕ್ಕೆ ನೊಬೆಲ್ ಯಾಕೆ?

ಹಳೆಯ ಸುದ್ದಿ ನೆನಪಿದ್ದವರಿಗೆ ಇನ್ನೂ ಒಂದು ಪ್ರಶ್ನೆ. 2018ರಲ್ಲಿ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ ಇದೇ ನೊಬೆಲ್ ಸಿಕ್ಕಿದ್ದು ಬ್ರೇಕ್ ತೆಗೆದು ಕ್ಯಾನ್ಸರ್‌ಗೆ ಚಿಕಿತ್ಸೆ ಕೊಡುವ ದಾರಿ ತೋರಿಸಿದ್ದಕ್ಕೆ. ಹಾಗಾದರೆ ಬ್ರೇಕ್ ಒಳ್ಳೆಯದೋ ಕೆಟ್ಟದ್ದೋ?

ಇದಕ್ಕೆ ಉತ್ತರ ಹುಡುಕಲು ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ. ಗಂಟಲು ನೋವು ಬಂದಾಗ ದವಡೆಯ ಕೆಳಗೆ ಬೆರಳಿಗೆ ಸಿಗುವ ಗಡ್ಡೆ ಇದೆಯಲ್ಲ, ಅದು ಯಾಕೆ ಊದುತ್ತದೆ, ಆಮೇಲೆ ಯಾಕೆ ಇಳಿಯುತ್ತದೆ ಅನ್ನುವುದು ತಿಳಿದರೆ ಸಾಕು.

ಬಸಿಗಾಲುವೆ ಮತ್ತು ಗಂಟು

ಜ್ವರದಲ್ಲಿ ಕೈಗೆ ಸಿಗುವ ಆ ಗಡ್ಡೆ ಹೊಸದಾಗಿ ಹುಟ್ಟಿದ್ದಲ್ಲ, ಮೊದಲಿನಿಂದಲೂ ಅಲ್ಲೇ ಇತ್ತು. ಕಾಳಿನಷ್ಟು ಚಿಕ್ಕದಾಗಿ, ಮೆತ್ತಗೆ ಇದ್ದುದರಿಂದ ಗೊತ್ತಾಗುತ್ತಿರಲಿಲ್ಲ, ಅಷ್ಟೆ. ಶಾಲೆಯ ಪುಸ್ತಕದಲ್ಲಿ ಅದಕ್ಕೆ ದುಗ್ಧರಸ ಗ್ರಂಥಿ ಅನ್ನುತ್ತಾರೆ, ಆಸ್ಪತ್ರೆಯಲ್ಲಿ ಲಿಂಫ್ ನೋಡ್. ಗ್ರಂಥಿ ಅಂದರೆ ಏನನ್ನೋ ಸ್ರವಿಸುವ ಅಂಗ ಅಂತ ನಾವು ಅಂದುಕೊಳ್ಳುತ್ತೇವೆ. ಇದು ಹಾಗೇನೂ ಮಾಡುವುದಿಲ್ಲ. ಗ್ರಂಥಿ ಅನ್ನುವ ಪದಕ್ಕೆ ಗಂಟು ಅನ್ನುವ ಹಳೆಯ ಅರ್ಥ ಇದೆ, ಇಲ್ಲಿ ಅದೇ ಸರಿ.

ರಕ್ತನಾಳಗಳಿಂದ ದಿನವಿಡೀ ಸ್ವಲ್ಪ ಸ್ವಲ್ಪ ನೀರಿನಂಥ ರಸ ಹೊರಗೆ ಬಸಿಯುತ್ತಿರುತ್ತದೆ. ಗದ್ದೆಯಲ್ಲಿ ಹೆಚ್ಚಾದ ನೀರು ಹರಿದುಹೋಗಲು ಬಸಿಗಾಲುವೆ ತೆಗೆಯುತ್ತಾರಲ್ಲ, ಹಾಗೆ ಮೈಯಲ್ಲೂ ಸಣ್ಣ ಸಣ್ಣ ನಾಳಗಳಿವೆ. ಈ ರಸವನ್ನು ಒಟ್ಟುಮಾಡಿ ಮತ್ತೆ ರಕ್ತಕ್ಕೆ ಸೇರಿಸುವುದು ಅವುಗಳ ಕೆಲಸ. ದಾರಿಯಲ್ಲಿ ಅಲ್ಲಲ್ಲಿ ಇರುವ ಗಂಟುಗಳೇ ಲಿಂಫ್ ನೋಡ್‌ಗಳು. ದೊಡ್ಡವರ ಮೈಯಲ್ಲಿ ಸುಮಾರು 600 ಇರುತ್ತವೆ. ಅದರಲ್ಲಿ ದೊಡ್ಡ ಪಾಲು ತಲೆ, ಕತ್ತಿನ ಸುತ್ತಲೇ ಇದೆ, ಏಕೆಂದರೆ ಗಾಳಿ, ಅನ್ನ, ನೀರು ಒಳಗೆ ಬರುವ ಬಾಗಿಲು ಅಲ್ಲಿದೆ. ಬಸಿದು ಬಂದ ರಸ ಒಂದಲ್ಲ ಒಂದು ಗಂಟಿನ ಮೂಲಕ ಹಾದು, ಅಲ್ಲಿ ತಪಾಸಣೆಯಾಗಿಯೇ ಮುಂದೆ ಹೋಗಬೇಕು.

ಫೈಲೇರಿಯಾ ಹುಳು ಸೇರಿಕೊಳ್ಳುವುದು ಈ ಕಾಲುವೆಗಳಲ್ಲೇ. ಕಾಲುವೆ ಕೆಟ್ಟರೆ ನೀರು ಹೋಗಲು ದಾರಿಯಿಲ್ಲದೆ ಕಾಲು ಊದಿಕೊಂಡು ಆನೆಕಾಲು ಆಗುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ತೂಬು ಮುಚ್ಚಿದ ಕೆರೆ

ಈಗ ಗಂಟಲಿಗೆ ಸೋಂಕು ತಗುಲಿತು ಅಂದುಕೊಳ್ಳಿ. ಅಲ್ಲಿ ಕಾವಲಿಗಿರುವ ಡೆಂಡ್ರೈಟಿಕ್ ಕಣಗಳು ವೈರಸ್ಸಿನ ಚೂರನ್ನು ಹಿಡಿದುಕೊಂಡು, ಬಸಿಗಾಲುವೆ ದಾರಿಯಲ್ಲೇ ಹತ್ತಿರದ ನೋಡ್‌ಗೆ ಹೊರಡುತ್ತವೆ. ಈ ಕಣಗಳನ್ನು 1973ರಲ್ಲಿ ಗುರುತಿಸಿದವರು ರಾಲ್ಫ್ ಸ್ಟೈನ್‌ಮನ್. 2011ರಲ್ಲಿ ಅವರಿಗೂ ನೊಬೆಲ್ ಬಂತು, ಆದರೆ ಪ್ರಕಟವಾಗುವ ಮೂರು ದಿನ ಮೊದಲೇ ಅವರು ತೀರಿಕೊಂಡಿದ್ದರು.

ನೋಡ್‌ನೊಳಗೆ ನಡೆಯುವುದು ಒಂದು ಹುಡುಕಾಟ. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಲ್ಲಿ ಟಿ ಕಣ ಅನ್ನುವುದು ಒಂದು ಬಗೆ. ಈ ಟಿ ಕಣಗಳಲ್ಲಿ ಒಂದೊಂದೂ ಒಂದೊಂದು ಗುರುತನ್ನು ಮಾತ್ರ ಹಿಡಿಯಬಲ್ಲದು. ಈಗ ಬಂದ ವೈರಸ್ಸಿನ ಗುರುತು ಹಿಡಿಯುವ ಕಣ ಲಕ್ಷಕ್ಕೆ ಒಂದು ಇರಬಹುದು, ಹತ್ತು ಲಕ್ಷಕ್ಕೆ ಒಂದೂ ಇರಬಹುದು. ಇಡೀ ಮೈ ಸುತ್ತುತ್ತಿರುವ ಆ ಒಂದು ಕಣಕ್ಕೆ ಈ ಚೂರನ್ನು ತೋರಿಸಬೇಕು. ಹೇಗೆ? ಆದಷ್ಟು ಹೆಚ್ಚು ಕಣಗಳನ್ನು ಒಂದೇ ಕಡೆ ಸೇರಿಸಬೇಕು. ಊತದ ಮೊದಲ ಕಾರಣ ಇದು.

ಮಾಮೂಲಿ ದಿನಗಳಲ್ಲಿ ಟಿ ಕಣ ರಕ್ತದಿಂದ ನೋಡ್‌ಗೆ ಬಂದು, ಅರ್ಧ ದಿನವೋ ಒಂದು ದಿನವೋ ಸುತ್ತಾಡಿ, ಏನೂ ಸಿಗದಿದ್ದರೆ ಹೊರಗೆ ಹೋಗುತ್ತದೆ. ಸೋಂಕಿನ ಸುದ್ದಿ ಬಂದ ತಕ್ಷಣ ಎರಡು ಬದಲಾವಣೆಗಳಾಗುತ್ತವೆ. ನೋಡ್‌ಗೆ ಬರುವ ರಕ್ತ ಹೆಚ್ಚಾಗಿ, ಒಳಬರುವ ಕಣಗಳೂ ಹೆಚ್ಚುತ್ತವೆ. ಅದೇ ಹೊತ್ತಿಗೆ ಹೊರದಾರಿ ಕೆಲಕಾಲ ಮುಚ್ಚಿಕೊಳ್ಳುತ್ತದೆ, ಅಂದರೆ ವೈರಸ್ ಬಂದಾಗ ಹುಟ್ಟುವ ಇಂಟರ್‌ಫೆರಾನ್ ಅನ್ನುವ ರಾಸಾಯನಿಕ ಟಿ ಕಣಗಳಿಗೆ ಹೊರಹೋಗುವ ದಾರಿ ತಿಳಿಯದ ಹಾಗೆ ಮಾಡುತ್ತದೆ. ಕೆರೆಗೆ ನೀರು ಜೋರಾಗಿ ಬರುತ್ತಿದೆ, ತೂಬು ಮುಚ್ಚಿದೆ. ಕೆರೆ ತುಂಬದೆ ಇನ್ನೇನಾಗುತ್ತದೆ?

ಏರಿ ಒಡೆಯಬಾರದಲ್ಲ, ಅದಕ್ಕೂ ವ್ಯವಸ್ಥೆ ಇದೆ. ನೋಡ್‌ನೊಳಗೆ ಬಲೆಯಂಥ ಒಂದು ಹಂದರ ಇದ್ದು, ಅದನ್ನು ಬಿಗಿಯಾಗಿ ಹಿಡಿದಿಟ್ಟ ಕಣಗಳಿವೆ. ಒಳಬಂದ ಡೆಂಡ್ರೈಟಿಕ್ ಕಣಗಳು ಮುಟ್ಟಿದ ಕೂಡಲೇ ಅವು ಹಿಡಿತ ಸಡಿಲಿಸುತ್ತವೆ, ಇಡೀ ಹಂದರ ಹಿಗ್ಗುತ್ತದೆ. ಇದು 2014ರ ಸುಮಾರಿಗೆ ಇಲಿಗಳಲ್ಲಿ ಸ್ಪಷ್ಟವಾಗಿ ಗೊತ್ತಾದ ವಿಷಯ. ಅಂದರೆ ನೋಡ್ ಸುಮ್ನೆ ಒತ್ತಡಕ್ಕೆ ಉಬ್ಬುವುದಿಲ್ಲ. ಜಾಗ ಮಾಡಿಕೊಡಲೆಂದೇ ಅದು ಸಡಿಲವಾಗುತ್ತದೆ.

ಆಮೇಲೆ ಆ ಲಕ್ಷಕ್ಕೊಂದು ಕಣ ಸಿಗುತ್ತದೆ. ಸಿಕ್ಕಿದ್ದೇ ಅದು ಒಡೆದು ಎರಡಾಗುತ್ತದೆ, ಎರಡು ನಾಲ್ಕಾಗುತ್ತವೆ, ದಿನಕ್ಕೆ ಎರಡು ಮೂರು ಸಲ ಹೀಗೆ ದುಪ್ಪಟ್ಟಾಗುತ್ತಾ ನಾಲ್ಕೈದು ದಿನದಲ್ಲಿ ಸಾವಿರಾರು ಕಣಗಳ ಪಡೆಯೇ ಸಿದ್ಧವಾಗುತ್ತದೆ. ಪಕ್ಕದಲ್ಲೇ ಬಿ ಕಣಗಳು ಗುಂಪುಕಟ್ಟಿ ಹೆಚ್ಚು ಹೆಚ್ಚು ಚುರುಕಾದ ಪ್ರತಿಕಾಯಗಳನ್ನು ತಯಾರಿಸಲು ಶುರುಮಾಡುತ್ತವೆ. ಊತದ ಎರಡನೇ ಕಾರಣ ಈ ಸಂತಾನ.

ನೋವು ಯಾಕೆ ಬರುತ್ತದೆ? ನೋಡ್‌ನ ಸುತ್ತ ಒಂದು ತೆಳುವಾದ ಚೀಲ ಇದೆ, ಅದು ಎರಡೇ ದಿನದಲ್ಲಿ ಎಳೆದುಕೊಂಡರೆ ಮುಟ್ಟಿದರೂ ನೋಯುತ್ತದೆ. ತಿಂಗಳುಗಟ್ಟಲೆ ನಿಧಾನವಾಗಿ ಹಿಗ್ಗಿದರೆ ನೋವೇ ಇರುವುದಿಲ್ಲ. ನೋವಿರುವ ಗಡ್ಡೆಗೆ ಜನ ಹೆದರುತ್ತಾರೆ, ನೋವಿಲ್ಲದ್ದನ್ನು ಬಿಟ್ಟುಬಿಡುತ್ತಾರೆ. ಸಾಮಾನ್ಯವಾಗಿ ಆಗಬೇಕಾದದ್ದು ಇದಕ್ಕೆ ಉಲ್ಟಾ.

ಎಲ್ಲಿ ಊದಿದೆ ಅನ್ನುವುದೇ ಸುಳಿವು

ಒಂದೊಂದು ನೋಡ್‌ಗೂ ಅದರದೇ ಅಚ್ಚುಕಟ್ಟು ಇದೆ. ಕಾಲಿನ ಗಾಯ ಕೀವಾದರೆ ತೊಡೆಸಂದಿನಲ್ಲಿ, ಕೈಬೆರಳು ಕೀವಾದರೆ ಕಂಕುಳಲ್ಲಿ, ಹಲ್ಲು ಹುಳುಕಾದರೆ ದವಡೆಯಡಿ, ತಲೆಯಲ್ಲಿ ಹೇನು ಜಾಸ್ತಿಯಾಗಿ ಕೆರೆದು ಹುಣ್ಣಾದರೆ ಹಿಂಗತ್ತಿನಲ್ಲಿ ಊದುತ್ತದೆ.

1898ರಲ್ಲಿ ಬೆಂಗಳೂರು, ಹುಬ್ಬಳ್ಳಿಗಳಿಗೆ ಪ್ಲೇಗ್ ಬಂದಾಗ ಇಡೀ ಊರಿಗೇ ಈ ಸುಳಿವು ಗೊತ್ತಾಗಿಹೋಯಿತು. ಚಿಗಟ ಕಚ್ಚುವುದು ಹೆಚ್ಚಾಗಿ ಕಾಲಿಗೆ, ಗಡ್ಡೆ ಏಳುವುದು ತೊಡೆಸಂದಿನಲ್ಲಿ. ಆ ಕಾಲದಲ್ಲಿ ಮುಂಬೈ ಪ್ರಾಂತ್ಯದ ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ನಿಲ್ಲಿಸಿ ಕಂಕುಳು, ತೊಡೆಸಂದು ಮುಟ್ಟಿ ನೋಡುತ್ತಿದ್ದರು. ಜನರಿಗೆ ಅದು ದೊಡ್ಡ ಅವಮಾನವಾಗಿತ್ತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಆ ಹೊತ್ತಿನಲ್ಲೇ, ಪ್ಲೇಗಮ್ಮನ ಗುಡಿಗಳು ಇಂದಿಗೂ ಇವೆ. ಆದರೆ ಪ್ಲೇಗಿನ ಗಡ್ಡೆ ಗಂಟಲು ನೋವಿನ ಗಡ್ಡೆಯಂಥದ್ದಲ್ಲ. ಅಲ್ಲಿ ಬ್ಯಾಕ್ಟೀರಿಯಾ ತಪಾಸಣೆಗೆ ಸೋಲದೆ ನೋಡ್‌ನೊಳಗೇ ಬೆಳೆದು ಅದನ್ನೇ ಹಾಳುಮಾಡುತ್ತದೆ.

2021ರಲ್ಲಿ ಕೊರೊನಾ ಲಸಿಕೆ ಹಾಕಿಸಿಕೊಂಡ ಕೆಲವರಿಗೆ, ಚುಚ್ಚಿದ ಕೈಯ ಕಂಕುಳಲ್ಲೇ ಗಡ್ಡೆ ಬಂತು. ಲಸಿಕೆ ಕೆಲಸ ಮಾಡುತ್ತಿದೆ ಅನ್ನುವುದರ ಗುರುತು ಅದು. ಆದರೆ ಅಮೆರಿಕದಲ್ಲಿ ಇದರಿಂದ ಒಂದು ತಲೆನೋವು ಶುರುವಾಯಿತು. ಮ್ಯಾಮೊಗ್ರಾಮ್‌ನಲ್ಲಿ, ಅಂದರೆ ಸ್ತನದ ಎಕ್ಸ್‌ರೇಯಲ್ಲಿ, ಆ ಗಡ್ಡೆ ಕಂಡರೆ ಸ್ತನ ಕ್ಯಾನ್ಸರ್ ಹರಡಿರಬಹುದೇ ಅನ್ನುವ ಅನುಮಾನ. ಲಸಿಕೆ ಮುಗಿದು 4ರಿಂದ 6 ವಾರ ಬಿಟ್ಟು ಪರೀಕ್ಷೆ ಮಾಡಿಸಿ ಎಂದು ಅಲ್ಲಿನ ಸ್ತನ ಚಿತ್ರಣ ತಜ್ಞರ ಸಂಘ ಮೊದಲು ಹೇಳಿತು. 2022ರಲ್ಲಿ ಮಾತು ಬದಲಾಯಿಸಿ, ಲಸಿಕೆಗಾಗಿ ಪರೀಕ್ಷೆ ಮುಂದೂಡಬೇಡಿ, ಯಾವ ಕೈಗೆ ಯಾವತ್ತು ಚುಚ್ಚಿಸಿಕೊಂಡಿರಿ ಅಂತ ತಿಳಿಸಿದರೆ ಸಾಕು ಎಂದಿತು. ಸುದ್ದಿ ಓದುವವರಿಗೆ ಇದು ಮಾತು ತಪ್ಪಿದ ಹಾಗೆ ಕಂಡಿರಬಹುದು. ಕಾರಣ ಇಷ್ಟೇ: ತಪ್ಪು ಅನುಮಾನದಿಂದ ಆಗುವ ತೊಂದರೆಗಿಂತ ಪರೀಕ್ಷೆ ತಡವಾದರೆ ಆಗುವ ನಷ್ಟ ದೊಡ್ಡದು ಅನ್ನುವುದು ಆ ಹೊತ್ತಿಗೆ ಕಂಡಿತ್ತು.

ಬ್ರೇಕ್ ಇಲ್ಲದ ಇಲಿ

ಇನ್ನು ನೊಬೆಲ್ ವಿಷಯ. 1940ರ ದಶಕದಲ್ಲಿ ಅಮೆರಿಕದ ಟೆನೆಸೀ ರಾಜ್ಯದ ಓಕ್ ರಿಡ್ಜ್‌ನಲ್ಲಿ ವಿಕಿರಣದ ಪರಿಣಾಮ ಅಭ್ಯಾಸ ಮಾಡಲು ಇಲಿಗಳನ್ನು ಸಾಕುತ್ತಿದ್ದರು. ಅಲ್ಲಿ ಕೆಲವು ಗಂಡು ಇಲಿಮರಿಗಳು ವಿಚಿತ್ರವಾಗಿ ಹುಟ್ಟಿದವು. ಚರ್ಮವೆಲ್ಲ ಹೊಟ್ಟು ಹೊಟ್ಟು. ಗುಲ್ಮ (ಸ್ಪ್ಲೀನ್) ಭಾರೀ ದಪ್ಪ, ಲಿಂಫ್ ನೋಡ್‌ಗಳೂ ಊದಿಕೊಂಡಿದ್ದವು. ಕೆಲವೇ ವಾರಗಳಲ್ಲಿ ಸಾವು. ಯಾವ ಸೋಂಕೂ ಇರಲಿಲ್ಲ. ಊದಿದ ನೋಡ್‌ಗಳ ತುಂಬ ಟಿ ಕಣಗಳು, ಅವು ಇಲಿಯ ಸ್ವಂತ ಅಂಗಗಳ ಮೇಲೇ ದಾಳಿ ಮಾಡುತ್ತಿದ್ದವು.

ಯಾವ ಜೀನ್ ಕೆಟ್ಟಿದೆ ಅಂತ ಬ್ರಂಕೋ ಮತ್ತು ರಾಮ್ಸ್‌ಡೆಲ್ 1990ರ ದಶಕದಲ್ಲಿ ಹುಡುಕಲು ಹೊರಟರು. ಎಕ್ಸ್ ಕ್ರೋಮೋಸೋಮಿನಲ್ಲಿ ಜಾಗವನ್ನು ಕಿರಿದು ಮಾಡುತ್ತಾ ಬಂದು ಕೊನೆಗೆ 20 ಜೀನ್‌ಗಳು ಉಳಿದವು. ಒಂದೊಂದಾಗಿ ನೋಡಿದರು. ತಪ್ಪು ಸಿಕ್ಕಿದ್ದು ಇಪ್ಪತ್ತನೆಯದರಲ್ಲಿ. 2001ರಲ್ಲಿ ಪ್ರಕಟಿಸಿದ ಆ ಜೀನ್‌ಗೆ ಫಾಕ್ಸ್‌ಪಿ3 ಎಂದು ಹೆಸರು. ಮನುಷ್ಯರಲ್ಲಿ ಅದೇ ಜೀನ್ ಕೆಟ್ಟರೆ ಗಂಡುಮಕ್ಕಳಿಗೆ ಐಪೆಕ್ಸ್ ಅನ್ನುವ ಅಪರೂಪದ, ಘೋರ ಕಾಯಿಲೆ ಬರುತ್ತದೆ ಅನ್ನುವುದೂ ಗೊತ್ತಾಯಿತು. ಅಷ್ಟರಲ್ಲಿ ಸಕಾಗುಚಿ, ಇತರ ಟಿ ಕಣಗಳನ್ನು ಸುಮ್ಮನಿರಿಸುವ ಒಂದು ಬಗೆಯ ಟಿ ಕಣ ಇದೆ ಎಂದು 1995ರಲ್ಲೇ ತೋರಿಸಿದ್ದರು. ಆಗ ಬಹಳ ಜನ ನಂಬಿರಲಿಲ್ಲ. ಎರಡು ಕಡೆಯ ಕೆಲಸ ಸೇರಿದ ಮೇಲೆ ಚಿತ್ರ ಪೂರ್ತಿಯಾಯಿತು: ಆ ಶಾಂತಗೊಳಿಸುವ ಕಣವನ್ನು ಹುಟ್ಟಿಸುವ ಜೀನೇ ಫಾಕ್ಸ್‌ಪಿ3.

ನಮ್ಮ ಕತ್ತಿನ ಗಡ್ಡೆಯಲ್ಲೂ ಈ ಕಣಗಳಿವೆ. ಸೋಂಕು ತೀರಿದ ಮೇಲೆ ಹುಟ್ಟಿದ ಪಡೆಯಲ್ಲಿ 90 ಪ್ರತಿಶತಕ್ಕೂ ಹೆಚ್ಚು ಕಣಗಳು ಸಾಯುತ್ತವೆ, ಸ್ವಲ್ಪ ಮಾತ್ರ ನೆನಪಿಗಾಗಿ ಉಳಿಯುತ್ತವೆ. ಹೊರದಾರಿ ತೆರೆಯುತ್ತದೆ, ಹಂದರ ಮತ್ತೆ ಬಿಗಿಯುತ್ತದೆ. ಎರಡರಿಂದ ನಾಲ್ಕು ವಾರಗಳಲ್ಲಿ ಗಡ್ಡೆ ಇಳಿಯುತ್ತದೆ. ಇದರಲ್ಲಿ ಬ್ರೇಕ್ ಕಣಗಳದ್ದು ಒಂದು ಪಾಲು ಮಾತ್ರ, ಇಳಿಸುವುದಕ್ಕೆ ಬೇರೆ ವ್ಯವಸ್ಥೆಗಳೂ ಇವೆ. ಆದರೆ ಈ ಒಂದು ಪಾಲೇ ಇಲ್ಲದಿದ್ದರೆ ಏನಾಗುತ್ತದೆ ಅಂತ ಆ ಇಲಿಗಳು ತೋರಿಸಿದವು. ಹಾಗಾಗಿ ಇಮ್ಯುನಿಟಿ ಹೆಚ್ಚಿದ್ದಷ್ಟೂ ಒಳ್ಳೆಯದು ಅನ್ನುವ ಮಾತು ಸರಿಯಲ್ಲ. ಅದನ್ನು ನಂಬಿ ದುಡ್ಡು ಸುರಿಯುವವರನ್ನು ಕಂಡರೆ ಬೇಸರವಾಗುತ್ತದೆ.

ಒತ್ತಬೇಕೋ, ಬಿಡಬೇಕೋ

ಕ್ಯಾನ್ಸರ್ ವೈದ್ಯರಿಗೆ ಬ್ರೇಕ್ ಬಿಡಿಸಬೇಕು. ಕ್ಯಾನ್ಸರ್ ಗೆಡ್ಡೆಯೊಳಗೆ ಈ ಶಾಂತಗೊಳಿಸುವ ಕಣಗಳು ಗುಂಪಾಗಿ ಕೂತು, ದಾಳಿ ಮಾಡಬೇಕಾದ ಟಿ ಕಣಗಳನ್ನು ತಡೆಯುತ್ತವೆ. ರಕ್ಷಣಾ ಕಣಗಳು ಸ್ವಂತ ಮೈಯ ಮೇಲೇ ದಾಳಿ ಮಾಡುವ ಲೂಪಸ್, ಟೈಪ್ 1 ಡಯಾಬಿಟೀಸ್, ಸಂಧಿವಾತದಂಥ ಕಾಯಿಲೆ ನೋಡುವವರಿಗೆ, ಕಿಡ್ನಿ ಕಸಿ ಮಾಡುವವರಿಗೆ ಬ್ರೇಕ್ ಬಲವಾಗಬೇಕು. ಎರಡೂ ಸರಿಯೇ. ಆಲಿಸನ್ ಮತ್ತು ಹೊಂಜೊ ತೋರಿಸಿದ ದಾರಿಯಲ್ಲಿ ಬಂದ ಔಷಧಿಗಳಿಂದ ಕ್ಯಾನ್ಸರ್ ಕರಗಿದವರಲ್ಲಿ ಕೆಲವರಿಗೆ ಥೈರಾಯ್ಡ್, ಕರುಳು, ಶ್ವಾಸಕೋಶಗಳ ಮೇಲೆ ಸ್ವಂತ ಟಿ ಕಣಗಳೇ ದಾಳಿ ಮಾಡಿದ್ದೂ ಇದೆ. ಎರಡು ನೊಬೆಲ್‌ಗಳ ನಡುವೆ ಜಗಳವೇನೂ ಇಲ್ಲ. ಒಂದೇ ವ್ಯವಸ್ಥೆಯ ಎರಡು ತುದಿ ಅವು.

ಇದು ನಮಗೆ ಹತ್ತಿರವಾಗುವುದು ಬಾಯಿ ಕ್ಯಾನ್ಸರ್‌ನಲ್ಲಿ. ಗುಟ್ಕಾ, ಹೊಗೆಸೊಪ್ಪು ಇರುವ ನಾಡಿನಲ್ಲಿ ಈ ಕಾಯಿಲೆ ಮನೆಮನೆಯ ಮಾತು. ಕ್ಯಾನ್ಸರ್ ಕಣ ಮೊದಲು ಹೋಗುವುದು ಅದೇ ಬಸಿಗಾಲುವೆಯಲ್ಲಿ, ಕತ್ತಿನ ನೋಡ್‌ಗೆ. ಗಡ್ಡೆ ಊದದಿದ್ದರೂ ಬಾಯಿಯ ಆಪರೇಷನ್ ಜೊತೆಗೇ ಕತ್ತಿನ ನೋಡ್‌ಗಳನ್ನು ತೆಗೆಯಬೇಕೋ, ಊದಿದ ಮೇಲೆ ತೆಗೆದರೆ ಸಾಕೋ ಅನ್ನುವುದು ಬಹಳ ವರ್ಷಗಳ ವಾದ. 2015ರಲ್ಲಿ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಅನಿಲ್ ಡಿಕ್ರೂಝ್ ಮತ್ತು ಸಂಗಡಿಗರು ಉತ್ತರ ಕೊಟ್ಟರು. ಮೊದಲೇ ತೆಗೆದವರಲ್ಲಿ ಮೂರು ವರ್ಷದ ನಂತರ 80 ಪ್ರತಿಶತ ಬದುಕಿದ್ದರು, ಊದಿದ ಮೇಲೆ ತೆಗೆಯೋಣ ಎಂದು ಕಾದವರಲ್ಲಿ 67.5 ಪ್ರತಿಶತ. ಭಾರತದ ರೋಗಿಗಳಿಂದ ಜಗತ್ತಿನ ಚಿಕಿತ್ಸೆಯೇ ಬದಲಾದ ಸಂದರ್ಭ ಅದು.

ಈಗ ಇನ್ನೊಂದು ವಾದ ಎದ್ದಿದೆ. ಕ್ಯಾನ್ಸರ್ ವಿರುದ್ಧ ಟಿ ಕಣಗಳು ತರಬೇತಿ ಪಡೆಯುವುದೂ ಆ ನೋಡ್‌ಗಳಲ್ಲೇ. ಅವನ್ನು ತೆಗೆದ ಮೇಲೆ ಬ್ರೇಕ್ ಬಿಡಿಸುವ ಔಷಧಿ ಕೊಡುವುದಕ್ಕಿಂತ, ಅವು ಇರುವಾಗಲೇ ಕೊಟ್ಟು ಆಮೇಲೆ ಆಪರೇಷನ್ ಮಾಡಿದರೆ? 2025ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕರು ತಲೆ-ಕತ್ತಿನ ಕೆಲವು ಕ್ಯಾನ್ಸರ್‌ಗಳಿಗೆ ಪೆಂಬ್ರೊಲಿಜುಮ್ಯಾಬ್ ಅನ್ನುವ ಬ್ರೇಕ್ ಬಿಡಿಸುವ ಔಷಧಿಯನ್ನು ಆಪರೇಷನ್‌ಗೆ ಮೊದಲೂ ಆಮೇಲೂ ಕೊಡಲು ಒಪ್ಪಿಗೆ ಕೊಟ್ಟರು. ಇಲ್ಲಿ ನೋಡ್ ತೆಗೆಯುವುದು ನಿಂತಿಲ್ಲ, ಯಾವಾಗ ಅನ್ನುವುದು ಬದಲಾಗುತ್ತಿದೆ. ಆದರೆ ಈ ಔಷಧಿಗೆ ನಮ್ಮಲ್ಲಿ ಲಕ್ಷಗಟ್ಟಲೆ ಖರ್ಚು. ಬಾಯಿ ಕ್ಯಾನ್ಸರ್ ಬರುವವರಲ್ಲಿ ಬಹಳ ಜನ ಕೂಲಿ ಮಾಡುವವರು, ಅವರ ಕೈಗೆ ಇದು ಎಟುಕುವುದಿಲ್ಲ.

ಟಿಬಿ: ಮಾತ್ರೆ ತಗೊಂಡ ಮೇಲೂ ಊದುವ ಗಡ್ಡೆ

ನಮ್ಮ ದೇಶದಲ್ಲಿ ವಾರಗಟ್ಟಲೆ ಇಳಿಯದ ಕತ್ತಿನ ಗಡ್ಡೆ ಅಂದರೆ ಮೊದಲು ನೆನಪಾಗಬೇಕಾದದ್ದು ಟಿಬಿ. ಹಳಬರು ಗಂಡಮಾಲೆ ಅನ್ನುತ್ತಿದ್ದದ್ದು ಬಹುಪಾಲು ಇದನ್ನೇ. ಜಗತ್ತಿನ ಟಿಬಿ ರೋಗಿಗಳಲ್ಲಿ ನಾಲ್ಕರಲ್ಲೊಬ್ಬರು ಭಾರತದವರು. ಶ್ವಾಸಕೋಶದ ಹೊರಗೆ ಬರುವ ಟಿಬಿಯಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಲಿಂಫ್ ನೋಡ್ ಟಿಬಿ. 2024ರ ಡಿಸೆಂಬರ್‌ನಲ್ಲಿ ಶುರುವಾದ 100 ದಿನಗಳ ಟಿಬಿ ಅಭಿಯಾನದಲ್ಲಿ ಕೈಯಲ್ಲಿ ಹಿಡಿದೊಯ್ಯುವ ಎಕ್ಸ್‌ರೇ ಯಂತ್ರಗಳು ಹಳ್ಳಿಗಳಿಗೂ ಹೋದವು. ಒಳ್ಳೆಯ ಕೆಲಸ. ಆದರೆ ಕತ್ತಿನಲ್ಲಿ ಟಿಬಿ ಇದ್ದವರ ಎದೆಯ ಎಕ್ಸ್‌ರೇ ಪೂರ್ತಿ ಸ್ವಚ್ಛವಾಗಿರಬಹುದು. ಎಕ್ಸ್‌ರೇ ಸರಿ ಇದೆ ಅಂತ ಗಡ್ಡೆಯನ್ನು ಮರೆಯಬಾರದು.

ಚಿಕಿತ್ಸೆ ಶುರುವಾದ ಮೇಲೆ ಇನ್ನೊಂದು ಗೊಂದಲ. ಒಂದೆರಡು ತಿಂಗಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಗಡ್ಡೆ ಇಳಿಯುವ ಬದಲು ಇನ್ನೂ ಊದುತ್ತದೆ, ಹೊಸ ಗಡ್ಡೆಯೂ ಏಳಬಹುದು. ಮಾತ್ರೆ ಕೆಲಸ ಮಾಡುತ್ತಿಲ್ಲ ಅಂತ ಜನ ಬಿಟ್ಟುಬಿಡುವುದು ಇಲ್ಲೇ. ನಿಜವಾಗಿ ಅನೇಕ ಸಲ ಆಗುವುದು ಬೇರೆ. ಟಿಬಿ ಬ್ಯಾಕ್ಟೀರಿಯಾ ಬದುಕಿರುವಾಗ ನಮ್ಮ ರಕ್ಷಣಾ ಕಣಗಳನ್ನು ಮಂಕು ಮಾಡಿರುತ್ತದೆ. ಔಷಧಿಗೆ ಅದು ಸತ್ತಾಗ ಒಳಗಿನದೆಲ್ಲ ಚೆಲ್ಲುತ್ತದೆ, ಎಚ್ಚರವಾದ ಕಣಗಳು ಅದರ ಮೇಲೆ ಮುಗಿಬೀಳುತ್ತವೆ, ಗಡ್ಡೆ ಊದುತ್ತದೆ. ಔಷಧಿಗೆ ಬಗ್ಗದ ಟಿಬಿ ಇದ್ದರೂ ಹೀಗೇ ಕಾಣಬಹುದು, ಹಾಗಾಗಿ ವೈದ್ಯರಿಗೆ ತೋರಿಸಲೇಬೇಕು. ಆದರೆ ಮಾತ್ರೆ ಮಾತ್ರ ನಿಲ್ಲಿಸಬಾರದು.

ಎಷ್ಟು ದಿನ ಮಾತ್ರೆ ಅನ್ನುವುದರಲ್ಲೂ ಎರಡು ಪಕ್ಷ. ಶ್ವಾಸಕೋಶದ ಹೊರಗಿನ ಟಿಬಿಗೆ 2016ರಲ್ಲಿ ಬಂದ ರಾಷ್ಟ್ರೀಯ ಮಾರ್ಗಸೂಚಿ ಲಿಂಫ್ ನೋಡ್ ಟಿಬಿಗೆ 6 ತಿಂಗಳು ಸಾಕು ಅನ್ನುತ್ತದೆ. ಕೆಲವು ವೈದ್ಯರು ಗಡ್ಡೆ ಪೂರ್ತಿ ಹೋಗುವವರೆಗೆ 9 ತಿಂಗಳು, ಇನ್ನೂ ಜಾಸ್ತಿ ಮುಂದುವರಿಸುತ್ತಾರೆ. ಬ್ಯಾಕ್ಟೀರಿಯಾ ಎಲ್ಲ ಸತ್ತ ಮೇಲೂ ಕಲೆಗಟ್ಟಿದ ನೋಡ್ ಕೈಗೆ ಸಿಗುತ್ತಲೇ ಇರಬಹುದು. ಅದನ್ನು ನೋಡಿ ಮಾತ್ರೆ ಎಳೆಯುತ್ತಾ ಹೋದರೆ ಲಿವರ್‌ಗೆ ಪೆಟ್ಟು ಬೀಳುವ ಅಪಾಯವೂ ಎಳೆಯುತ್ತದೆ. ಅನುಮಾನ ಇದ್ದರೆ ಮತ್ತೆ ಮಾದರಿ ತೆಗೆದು ಪರೀಕ್ಷಿಸುವುದೇ ಸರಿ ಅನ್ನಿಸುತ್ತದೆ.

ಕಾಯುವುದು ಎಷ್ಟು ದಿನ

ಮಕ್ಕಳ ಕತ್ತಿನಲ್ಲಿ ಸಣ್ಣ ಸಣ್ಣ ಗಡ್ಡೆಗಳು ಕೈಗೆ ಸಿಗುವುದು ಸಾಮಾನ್ಯ. ನೆಗಡಿ ಮುಗಿದು ತಿಂಗಳುಗಳಾದರೂ ಉಳಿಯಬಹುದು. ಒಂದು ಸೆಂಟಿಮೀಟರಿಗಿಂತ ಚಿಕ್ಕದು, ಮೆತ್ತಗೆ, ಬೆರಳಿಗೆ ಜಾರುತ್ತದೆ, ಮಗು ಚೆನ್ನಾಗಿ ಆಡಿಕೊಂಡಿದೆ ಅಂದರೆ ಗಾಬರಿ ಬೇಡ. ದೊಡ್ಡವರಲ್ಲಿ ನಾಲ್ಕು ವಾರಕ್ಕೂ ಇಳಿಯದ್ದು, ಬೆಳೆಯುತ್ತಲೇ ಇರುವುದು, ಗಟ್ಟಿಯಾಗಿ ಅಂಟಿಕೊಂಡದ್ದು, ಜೊತೆಗೆ ತೂಕ ಇಳಿಯುವುದು, ರಾತ್ರಿ ಬೆವರಿ ಬಟ್ಟೆ ಒದ್ದೆಯಾಗುವುದು ಇದ್ದರೆ ತಡ ಮಾಡಬಾರದು. ಎಡಗಡೆ ಕಾಲರ್ ಬೋನ್ ಮೇಲೆ ಸಿಕ್ಕಿದ ಗಡ್ಡೆಗೆ ನಾಲ್ಕು ವಾರ ಕಾಯುವುದೂ ಬೇಡ. ಹೊಟ್ಟೆಯ ಕಡೆಯಿಂದ ಬರುವ ದೊಡ್ಡ ಬಸಿಗಾಲುವೆ ಸೇರುವುದು ಅಲ್ಲೇ, ಜಠರದ ಕ್ಯಾನ್ಸರ್ ಅಲ್ಲಿ ಮೊದಲು ಕಾಣಬಹುದು ಎಂದು ಜರ್ಮನಿಯ ರುಡಾಲ್ಫ್ ವಿರ್ಚೋ 19ನೇ ಶತಮಾನದಲ್ಲೇ ಬರೆದಿದ್ದರು.

ಮೆಡಿಕಲ್ ಶಾಪ್‌ನಲ್ಲಿ ಕೇಳಿ ಸ್ಟೀರಾಯ್ಡ್ ಮಾತ್ರೆ ನುಂಗುವುದು ಮಾತ್ರ ಬೇಡವೇ ಬೇಡ. ಗಡ್ಡೆ ಇಳಿಯುತ್ತದೆ, ನಿಜ. ಲಿಂಫೋಮಾ, ಅಂದರೆ ಈ ರಕ್ಷಣಾ ಕಣಗಳದ್ದೇ ಕ್ಯಾನ್ಸರ್, ಆಗಿದ್ದರೂ ಕೆಲವು ದಿನ ಇಳಿಯುತ್ತದೆ. ಆಗ ಮಾದರಿ ತೆಗೆದು ನೋಡಿದರೂ ಕಾಯಿಲೆ ಸಿಗದೆ ಹೋಗಬಹುದು.

ಮಾದರಿ ತೆಗೆಯುವಾಗ ಒಂದು ಸಣ್ಣ ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ತೆಗೆದ ತುಂಡನ್ನು ಪೂರ್ತಿ ಫಾರ್ಮಲಿನ್‌ನಲ್ಲಿ ಹಾಕಿದರೆ ಕ್ಯಾನ್ಸರ್ ನೋಡಬಹುದು, ಆದರೆ ಟಿಬಿ ಬ್ಯಾಕ್ಟೀರಿಯಾ ಸತ್ತುಹೋಗುತ್ತದೆ. ಅದನ್ನು ಬೆಳೆಸಿ ಯಾವ ಔಷಧಿಗೆ ಬಗ್ಗುತ್ತದೆ ಅಂತ ನೋಡಲು ಆಗುವುದಿಲ್ಲ. ಅದಕ್ಕೆ ಇನ್ನೊಂದು ತುಂಡು ಬರೀ ಸಲೈನ್‌ನಲ್ಲಿ ಹೋಗಬೇಕು. ಟಿಬಿ ಬ್ಯಾಕ್ಟೀರಿಯಾದ ಜೀನ್ ಗುರುತಿಸುವ ಸಿಬಿನ್ಯಾಟ್ ಪರೀಕ್ಷೆ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತವಾಗಿ ಆಗುತ್ತದೆ. ಆಪರೇಷನ್ ಕೋಣೆಗೆ ಹೋಗುವ ಮುಂಚೆ ಕೇಳಿಕೊಳ್ಳಿ: ಡಬ್ಬಿ ಎರಡು ಇವೆಯಾ, ಒಂದರಲ್ಲಿ ಸಲೈನ್ ಇದೆಯಾ?